ಶಕ್ತಿ ಇರುವುದೆಲ್ಲಿ

ಬೆಂಕಿಯ ಬಳಿ ಒಂದು ಬಗೆಯ ಮಣಿಯನ್ನಿಟ್ಟರೆ ಬೆಂಕಿ ಉರಿಯುತ್ತಿದ್ದರೂ ಸುಡದು ಎಂಬ ಹಳೆಯ ನಂಬಿಕೆಯನ್ನು ಹಿಡಿದು, ವೇದಾರ್ಥವನ್ನು ವಿಚಾರಿಸುವ ದಾರ್ಶನಿಕರಾದ ಮೀಮಾಂಸಕರು, ಸುಡುವ ಶಕ್ತಿಯೆಂಬುದು ಬೆಂಕಿಗಿಂತ ಬೇರೆಯಾದ, ಕಣ್ಣಿಗೆ ಕಾಣದ ಪದಾರ್ಥವೆಂದೂ ಮಣಿ ಅದನ್ನು ಕುಂದಿಸುತ್ತದೆಂದೂ ವಾದಿಸಿದರು. ನ್ಯಾಯಕುಸುಮಾಂಜಲಿಯೆಂಬ ಗ್ರಂಥದಲ್ಲಿ ನೈಯಾಯಿಕನಾದ, ಎಂದರೆ ತರ್ಕವನ್ನೇ ನೆಚ್ಚಿದ ನ್ಯಾಯದರ್ಶನದವನಾದ, ಉದಯನ ಇದನ್ನು ಒಪ್ಪಲಿಲ್ಲ. ಪ್ರತಿಬಂಧಕದ ಅಭಾವವನ್ನು, ಎಂದರೆ ತಡೆಯೊಡ್ಡುವ ವಸ್ತು ಇಲ್ಲದಿರುವುದನ್ನು, ಸುಡುವಿಕೆಯ ಕಾರಣಗಳಲ್ಲಿ ಒಂದೆಂದು ಎಣಿಸಿದರೆ ಸಾಕು, ಕಾಣದ ಶಕ್ತಿಯನ್ನು ಕಲ್ಪಿಸಬೇಕಾಗಿಲ್ಲ ಎಂಬುದು ಅವನ ನಿಲುವು. ಮಣಿಯ ಕಥೆ ಹಾಗಿರಲಿ, ಅದು ಎತ್ತಿದ, ಶಕ್ತಿ ಇರುವುದೆಲ್ಲಿ ಎಂಬ ಪ್ರಶ್ನೆ ಮಾತ್ರ ಬೆಳಕನ್ನು ಫೋಟಾನ್ ಎಂಬ ಬಿಡಿ ಕಣಗಳಾಗಿ ಪರೀಕ್ಷಿಸುವ ಕ್ವಾಂಟಂ ದೃಗ್ವಿಜ್ಞಾನದಲ್ಲಿ ಮತ್ತೆ ತಲೆಯೆತ್ತಿದೆ.

ಉದ್ರೇಕಗೊಂಡ ಪರಮಾಣು ತನ್ನ ಹೆಚ್ಚಿನ ಚೈತನ್ಯವನ್ನು ಫೋಟಾನಾಗಿ ಚೆಲ್ಲಿ ಶಾಂತವಾಗುವುದಕ್ಕೆ ಸ್ವಯಂ ಉತ್ಸರ್ಜನೆಯೆಂದು ಹೆಸರು; ಆ ಹೆಸರಿನಲ್ಲೇ ಇದು ಪರಮಾಣುವಿನ ಸ್ವಂತ ವ್ಯವಹಾರವೆಂಬ ಗ್ರಹಿಕೆ ಅಡಗಿದೆ. ಸುತ್ತಲಿನ ಅವಕಾಶ ಬದಲಾದರೆ ಅದರ ವೇಗವೂ ಬದಲಾಗಬೇಕೆಂದು ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ 1946ರಲ್ಲೇ ಸೂಚಿಸಿದ್ದರೂ, ಅದನ್ನು ಕೈಗೆಟುಕುವ ಸತ್ಯವನ್ನಾಗಿಸಿದವರಲ್ಲಿ ಸರ್ಜ್ ಅರೋಶ್ ಪ್ರಮುಖರು. 1944ರಲ್ಲಿ ಮೊರಾಕೊದ ಕಾಸಾಬ್ಲಾಂಕಾದಲ್ಲಿ ಹುಟ್ಟಿ, ಕ್ಲೋದ್ ಕೊಯೆನ್-ತನೂಜಿಯವರ ಶಿಷ್ಯರಾಗಿ 1971ರಲ್ಲಿ ಡಾಕ್ಟರೇಟ್ ಪಡೆದು, 1975ರಿಂದ ಪ್ಯಾರಿಸ್ಸಿನ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅವರು, 1983ರಲ್ಲಿ ತಮ್ಮ ತಂಡದೊಡನೆ ಕನ್ನಡಿಗಳ ನಡುವೆ ಉತ್ಸರ್ಜನೆ ಚುರುಕಾಗುವುದನ್ನು ತೋರಿಸಿದರು. 2012ರಲ್ಲಿ ಡೇವಿಡ್ ವೈನ್‌ಲ್ಯಾಂಡ್ ಅವರೊಂದಿಗೆ ಅರೋಶ್ ಹಂಚಿಕೊಂಡ ನೊಬೆಲ್ ಪ್ರಶಸ್ತಿಯ ಹಿಂದೆ ಅರೋಶರ ಪಾಲಿಗೆ ಇದ್ದದ್ದು ಇಂಥದೇ ಕನ್ನಡಿಗಳ ಪೆಟ್ಟಿಗೆಗಳಲ್ಲಿ ಫೋಟಾನನ್ನು ಕೂಡಿಹಾಕಿ, ನಾಶಗೊಳಿಸದೆ ಎಣಿಸಿದ ಸಾಧನೆ.

ಇಲ್ಲಿಯ ಪ್ರಶ್ನೆಗೆ ಅದಕ್ಕಿಂತ ಹತ್ತಿರವಾದದ್ದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಅರೋಶರೂ ಸಹೋದ್ಯೋಗಿಗಳೂ ನಡೆಸಿ 1987ರಲ್ಲಿ ಪ್ರಕಟಿಸಿದ ಪ್ರಯೋಗ. ಎರಡು ಲೋಹದ ಕನ್ನಡಿಗಳನ್ನು ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ ತುಸುವೇ ಹೆಚ್ಚು, ಎಂದರೆ 1.1 ಮೈಕ್ರಾನ್, ಅಂತರದಲ್ಲಿ ಎದುರುಬದುರಾಗಿ ನಿಲ್ಲಿಸಿ, 8 ಮಿಲಿಮೀಟರ್ ಉದ್ದದ ಆ ಸಂದಿನಲ್ಲಿ ಉದ್ರಿಕ್ತ ಸೀಸಿಯಂ ಪರಮಾಣುಗಳನ್ನು ಹಾಯಿಸಿದರು. ಅವು ಚೆಲ್ಲಬೇಕಾಗಿದ್ದ ಬೆಳಕಿನ ತರಂಗದೂರ ಸುಮಾರು 3.5 ಮೈಕ್ರಾನ್, ಅದರ ಅರ್ಧಕ್ಕಿಂತಲೂ ಕಿರಿದಾದ ಸಂದಿನಲ್ಲಿ ಕನ್ನಡಿಗಳಿಗೆ ಸಮಾಂತರವಾಗಿ ಕಂಪಿಸುವ ಬೆಳಕಿಗೆ ಎಡೆಯೇ ಇಲ್ಲ. ಪರಮಾಣುಗಳು ತಮ್ಮ ಸಹಜ ಆಯುಷ್ಯದ 13 ಪಟ್ಟು ಕಾಲ ಹೆಚ್ಚುಕಡಿಮೆ ಹಾಗೆಯೇ ಉಳಿದವು. ಬಯಲಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಹತ್ತು ಲಕ್ಷದಲ್ಲಿ ಎರಡೋ ಮೂರೋ ಮಾತ್ರ ಉಳಿಯುತ್ತಿದ್ದವು.

ಕನ್ನಡಿಯೇ ಪ್ರತಿಬಂಧಕ ಮಣಿ, ಗೆದ್ದವನು ಉದಯನ ಎಂದು ಇಲ್ಲಿಗೇ ತೀರ್ಪು ಕೊಡುವುದು ಅವಸರವಾದೀತು. ತಾರ್ಕಿಕರ ಮಣಿ ಬೆಂಕಿಯ ಕೆಲಸಕ್ಕೆ ಅಡ್ಡ ಬರುತ್ತದೆ. ಕನ್ನಡಿಗಳು ಪರಮಾಣುವನ್ನು ಮುಟ್ಟುವುದೂ ಇಲ್ಲ, ಇನ್ನೂ ಹುಟ್ಟದ ಬೆಳಕಿಗೆ ಇರಲು ಜಾಗವಿಲ್ಲದಂತೆ ಮಾಡುತ್ತವೆ, ಅಷ್ಟೆ. ಕಾರ್ಯಕ್ಕೆ ನೆಲೆಯಿಲ್ಲವೆಂದು ಕಾರಣ ಸುಮ್ಮನಿರುವ ಈ ಸ್ಥಿತಿ ಮೀಮಾಂಸಕರ ಶಕ್ತಿಗೂ ಒಗ್ಗುವುದಿಲ್ಲ, ನೈಯಾಯಿಕರ ಅಭಾವದೊಳಗೂ ಪೂರ್ತಿ ಹಿಡಿಸುವುದಿಲ್ಲ. ಆದರೂ ಹೋಲಿಕೆ ಇನ್ನೊಂದು ಹೆಜ್ಜೆ ಕೂಡಿ ಬರುತ್ತದೆ: ಪ್ರತಿಬಂಧಕವಿದ್ದರೂ ಉತ್ತೇಜಕವೆಂಬ ಮತ್ತೊಂದು ಮಣಿ ಸೇರಿದರೆ ಬೆಂಕಿ ಸುಡುತ್ತದೆಂದು ನೈಯಾಯಿಕರು ಹೇಳುತ್ತಿದ್ದರು, ಯೇಲ್‌ನಲ್ಲಿ ಕನ್ನಡಿಗಳನ್ನು ಕದಲಿಸದೆ, ಕಾಂತಕ್ಷೇತ್ರದಿಂದ ಪರಮಾಣುಗಳ ದಿಕ್ಕನ್ನಷ್ಟೇ ತಿರುಗಿಸಿದಾಗ ಅವು ಅದೇ ಸಂದಿನಲ್ಲಿ, ಕನ್ನಡಿಗಳಿಗೆ ಸಮಾಂತರವಲ್ಲದ ಕಂಪನದ ಬೆಳಕನ್ನು ಚೆಲ್ಲಿದವು.