ಸಾಲು ಕೈ ಬದಲಾದ ದಿನ

ಅಕ್ಕನನ್ನು ವಯನಾಡಿನ ಕಲ್ಪೆಟ್ಟಕ್ಕೆ ಕೊಟ್ಟಿದ್ದೇವೆ. ಈ ಸಲ ಹೋದಾಗ ಅವಳ ಮಗಳ ಜೊತೆ ಅಲ್ಲಿನ ಎಂಪ್ಲಾಯ್ಮೆಂಟ್ ಎಕ್ಸ್‌ಚೇಂಜಿಗೆ ಹೋಗಬೇಕಾಯಿತು. ಕಾರ್ಡ್ ರಿನ್ಯೂವಲ್ಲಿನ ತಿಂಗಳು ದಾಟಿಹೋಗಿತ್ತು. ಮೂರು ವರ್ಷಕ್ಕೊಮ್ಮೆ ಬರುವ ತಿಂಗಳು. ಬಾಣಂತನದ ಗಡಿಬಿಡಿಯಲ್ಲಿ ಯಾರಿಗೆ ನೆನಪಿರುತ್ತದೆ? "ಸೀನಿಯಾರಿಟಿ ಹೋಯ್ತಲ್ಲ ಮಾಮ" ಎಂದಳು, ಒಡವೆ ಕಳೆದುಕೊಂಡವರ ದನಿಯಲ್ಲಿ. ಕಾರ್ಡು ಕೈಯಲ್ಲೇ ಇತ್ತು. ಹೋದದ್ದು ಹನ್ನೊಂದು ವರ್ಷ ಕಾದ ಲೆಕ್ಕ.

ಕೇರಳದಲ್ಲಿ ಈ ಇಲಾಖೆಗೆ ಇವತ್ತಿಗೂ ನ್ಯಾಷನಲ್ ಎಂಪ್ಲಾಯ್ಮೆಂಟ್ ಸರ್ವಿಸ್ ಎಂದೇ ಹೆಸರು. ನಡೆಸುವುದು ರಾಜ್ಯ, ಹೆಸರು ಮಾತ್ರ ದೇಶದ್ದು. ಎರಡನೇ ಮಹಾಯುದ್ಧ ಮುಗಿಸಿ ಬರುವ ಸೈನಿಕರಿಗೆ ಕೆಲಸ ಹುಡುಕಲು 1945ರಲ್ಲಿ ದಿಲ್ಲಿ ಕಟ್ಟಿದ ವ್ಯವಸ್ಥೆ ಇದು. 1948ರಲ್ಲಿ ಎಲ್ಲರಿಗೂ ಬಾಗಿಲು ತೆರೆಯಿತು. ನೀತಿ ಕೇಂದ್ರದ ಬಳಿಯೇ ಇರಲಿ, ದಿನದ ಆಡಳಿತ ರಾಜ್ಯಗಳಿಗೆ ಹೋಗಲಿ ಎಂದು ಶಿವರಾವ್ ಸಮಿತಿ ಹೇಳಿತು. ಹಾಗೆ ಕಚೇರಿಗಳು ರಾಜ್ಯಗಳ ಕೈಸೇರಿದ್ದು 1956ರ ನವೆಂಬರ್ 1ರಂದು.

ಆ ತಾರೀಖು ನಮಗೆ ಬೇರೆ ಕಾರಣಕ್ಕೆ ಬಾಯಿಪಾಠ. ನಮಗೆ ರಾಜ್ಯೋತ್ಸವ, ಕಾಸರಗೋಡಿನ ಕನ್ನಡಿಗರಿಗೆ ಮಾಯದ ಗಾಯ. ಮಲಬಾರಿನ ಜೊತೆ ವಯನಾಡು ಮದ್ರಾಸಿನಿಂದ ಕೇರಳಕ್ಕೆ ಬಂದದ್ದೂ ಅಂದೇ. ಗಡಿಯ ಲೆಕ್ಕವನ್ನು ಎಷ್ಟು ಸಲ ಹಾಕಿದ್ದೇವೆ! ಅದೇ ದಿನ ಕೆಲಸ ಕೇಳಿ ನಿಂತವರ ಸಾಲೂ ಕೈ ಬದಲಾಯಿಸಿತೆಂಬುದು ನನಗೆ ಹೊಳೆದದ್ದು ಎಕ್ಸ್‌ಚೇಂಜಿನ ಬೆಂಚಿನ ಮೇಲೆ ಕೂತಾಗ.

ಮೊದಲು ಈ ಕಚೇರಿಗಳ ಖರ್ಚಿನ ನೂರರಲ್ಲಿ ಅರವತ್ತು ಪಾಲು ಕೇಂದ್ರದ್ದು. 1969ರ ಏಪ್ರಿಲ್‌ನಿಂದ ಪೂರ್ತಿ ಹೊರೆ ರಾಜ್ಯದ ತಲೆಗೆ. ಪಾಲಿಗೆ ಹಸು ಕೊಟ್ಟ ಹಿರಿಯರು ಕೆಲಕಾಲ ಹುಲ್ಲಿಗೂ ಕಾಸು ಕೊಟ್ಟು, ಆಮೇಲೆ ನಿಲ್ಲಿಸಿದ ಹಾಗೆ. ಅಮೆರಿಕದಲ್ಲೂ ಇಂಥದ್ದು ನಡೆದಿದೆ: ಯುದ್ಧಕಾಲದಲ್ಲಿ, 1942ರಲ್ಲಿ, ರಾಜ್ಯಗಳಿಂದ ಪಡೆದ ಉದ್ಯೋಗ ಕಚೇರಿಗಳನ್ನು ಫೆಡರಲ್ ಸರ್ಕಾರ 1946ರ ನವೆಂಬರಿನಲ್ಲಿ ಮರಳಿಸಿತು. ಅದು ಎರವಲು ತೀರಿಸಿದ್ದು. ನಮ್ಮದು ಸಾಕಿದ್ದನ್ನು ದಾಟಿಸಿದ್ದು.

ಮೇಜು, ಬೀರು, ಕಾರ್ಡಿನ ಪೆಟ್ಟಿಗೆ ಇವನ್ನೆಲ್ಲ ಎಣಿಸಿ ಸಹಿ ಹಾಕಿಸಿಕೊಳ್ಳಬಹುದು. ಆ ಕಾರ್ಡುಗಳಲ್ಲಿದ್ದ ಕಾಯುವಿಕೆಯನ್ನು ಯಾವ ಪಟ್ಟಿಯಲ್ಲಿ ಬರೆಯುವುದು? ಕೊಟ್ಟವರು ಕೆಲಸ ಕೊಡುವ ಶಕ್ತಿಯನ್ನೇನೂ ಕೊಡಲಿಲ್ಲ. ಅದು ಅವರ ಬಳಿಯೂ ಇರಲಿಲ್ಲವೆನ್ನಿ. ಖಾಲಿ ಹುದ್ದೆ ತಿಳಿಸಬೇಕೆಂಬ 1959ರ ಕಾನೂನು ಬಂತು. ಆದರೆ ಎಕ್ಸ್‌ಚೇಂಜ್ ಕಳಿಸಿದವರನ್ನೇ ತೆಗೆದುಕೊಳ್ಳಬೇಕೆಂದು ಅದು ಹೇಳಲಿಲ್ಲ. ಖಾಸಗಿ ಬೇಸಾಯ, ತೋಟಗಾರಿಕೆಯ ಕೆಲಸಗಳಿಗೆ ಬಹುಪಾಲು ವಿನಾಯಿತಿಯೂ ಇತ್ತು. ಕಾಫಿ, ಕಾಳುಮೆಣಸಿನ ವಯನಾಡಿನಲ್ಲಿ ಇನ್ನುಳಿದದ್ದೆಷ್ಟು?

ಕಲ್ಪೆಟ್ಟದ ಜೈನ ಮನೆತನದ, ಪದ್ಮಪ್ರಭಾ ಗೌಡರ ಮಗ ಎಂ.ಪಿ. ವೀರೇಂದ್ರಕುಮಾರ್ 1997ರಲ್ಲಿ ಕೇಂದ್ರದ ಕಾರ್ಮಿಕ ಸಚಿವರಾದರು. ನೀತಿ ಅವರ ಮೇಜಿನ ಮೇಲೆ. ಅವರೂರಿನ ಎಕ್ಸ್‌ಚೇಂಜ್ ತಿರುವನಂತಪುರದ ಕೈಯಲ್ಲಿ.

ಹೊಸದಾಗಿ ಹೆಸರು ಬರೆಸು ಎಂದು ಅಕ್ಕನ ಮಗಳಿಗೆ ಹೇಳಿದೆ. ಅವಳು ಬೇಡವೆಂದು ತಲೆಯಾಡಿಸಿದಳು. ರಿನ್ಯೂವಲ್ ತಪ್ಪಿಸಿಕೊಂಡವರ ಸೀನಿಯಾರಿಟಿಯನ್ನು ಮರಳಿ ಕೊಡುವ ಆದೇಶವನ್ನು ಸರ್ಕಾರ ಆಗಾಗ ಹೊರಡಿಸುತ್ತದಂತೆ.

"ಆ ಆರ್ಡರ್ ಬರೋವರೆಗೂ ಕಾಯ್ತೀನಿ ಮಾಮ" ಎಂದು ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಸೇರಿಸಿದಳು.