ತಿದ್ದದ ಪ್ರತಿ

ಸಂಜೆ ಬಿಸಿಲು ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಪಡುವಣ ಗೋಡೆಗೆ ಇಳಿಯುವ ಹೊತ್ತಿಗೆ ಕ್ಯಾಮೆರಾದವರೆಲ್ಲ ಆ ಮಗ್ಗುಲಿಗೆ ಬಂದು ಸೇರುತ್ತಾರೆ. ಬೆಳಕು ಓರೆಯಾಗಿ ಬಿದ್ದರೆ ಬಳಪದ ಕಲ್ಲಿನ ಕೆತ್ತನೆ ಎದ್ದು ನಿಲ್ಲುತ್ತದೆ. ಮೂರ್ತಿಯ ಕೊರಳ ಹಾರದ ಒಂದೊಂದು ಮಣಿಗೂ ಅದರದೇ ನೆರಳು. ಆ ಬೆಳಕಿಗೆ ಕಾದು ನಿಂತು ತೆಗೆದ ಚಿತ್ರಕ್ಕೆ ಬೆಲೆಯಿದೆ. ಆದರೆ ಅದು ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ತೆರೆದುಕೊಂಡಾಗ ಕೈ ಸುಮ್ಮನಿರುವುದಿಲ್ಲ. ಮೂಲೆಯಲ್ಲಿ ಸಿಕ್ಕಿಕೊಂಡ ಪ್ರವಾಸಿಯ ಬೆನ್ನು ಮೊದಲು ಮಾಯವಾಗುತ್ತದೆ. ಆಮೇಲೆ ಸೂಚನಾ ಫಲಕ, ಕಂಬಿ. ಬೋಳು ಆಕಾಶಕ್ಕೆ ಮೋಡ ಬರುತ್ತದೆ. ಹಸಿರು ಬೆರೆತ ಬೂದು ಕಲ್ಲು ಹೊನ್ನಿನ ಬಣ್ಣ ತಾಳುತ್ತದೆ. ಕೊನೆಗೆ ಮುರಿದ ಕೈಯೊಂದು ಕೂಡಿಕೊಳ್ಳುತ್ತದೆ. ಇಷ್ಟೂ ಈಗ ಮೊಬೈಲಿನಲ್ಲೇ ಆಗುವ ಕೆಲಸ.

ಮನೆಯ ಗೋಡೆಗೆ ತೂಗುಹಾಕಲು ಹೀಗೆ ಮಾಡಿಕೊಂಡರೆ ಕೇಳುವವರಿಲ್ಲ. ಸ್ಪರ್ಧೆಗೆ ಕಳಿಸಿದರೆ ಮಾತು ಬೇರೆ. ಅಮೆರಿಕದ ಪಿಎಸ್ಎ ಎಂಬ ಛಾಯಾಗ್ರಹಣ ಸಂಸ್ಥೆಯ ಮಾನ್ಯತೆಯಲ್ಲಿ ನಡೆಯುವ ಸ್ಪರ್ಧೆಗಳ ಪ್ರವಾಸ ವಿಭಾಗದಲ್ಲಿ ಚಿತ್ರದೊಳಗಿನ ಯಾವುದನ್ನೂ ಸೇರಿಸುವಂತಿಲ್ಲ, ಸರಿಸುವಂತಿಲ್ಲ, ಅಳಿಸುವಂತಿಲ್ಲ. ಬೇಡದ್ದನ್ನು ಅಂಚಿನಿಂದ ಕತ್ತರಿಸಬಹುದು, ಅಷ್ಟೆ. ಅನುಮಾನ ಬಂದರೆ ತೀರ್ಪುಗಾರರು ಕೇಳುವುದು ಒಂದನ್ನೇ: ಮೂಲ ಫೈಲ್ ಕಳಿಸಿ.

ಇಲ್ಲಿ ತಡವರಿಸುವವರಲ್ಲಿ ಮೋಸಗಾರರಷ್ಟೇ ಇರುವುದಿಲ್ಲ ಎಂಬುದು ನನ್ನನ್ನು ಬಹಳ ಕಾಡುವ ಸಂಗತಿ. ಡಿಸ್ಕ್ ತುಂಬಿತೆಂದು ತಿದ್ದಿದ ಪ್ರತಿಯನ್ನಷ್ಟೇ ಉಳಿಸಿಕೊಂಡವರಿರುತ್ತಾರೆ. ಮರುದಿನದ ಮದುವೆ ಕೆಲಸಕ್ಕೆ ಬೇಕೆಂದು ಕಾರ್ಡನ್ನು ಫಾರ್ಮ್ಯಾಟ್ ಮಾಡಿದವರಿರುತ್ತಾರೆ. ವಾಟ್ಸಾಪಿನಲ್ಲಿ ಹೋಗಿ ಬಂದ ಕುಗ್ಗಿದ ಪ್ರತಿಯನ್ನೇ ಮೂಲವೆಂದು ನಂಬಿದವರಿರುತ್ತಾರೆ. ಅಲ್ಲಿ ಸಾಮಾನ್ಯವಾಗಿ ಫೋಟೋ ಕಳಿಸಿದರೆ ಅದರ ಜೊತೆಗಿದ್ದ ದಿನಾಂಕ, ಕ್ಯಾಮೆರಾ ವಿವರಗಳೆಲ್ಲ ಕಳಚಿಹೋಗುತ್ತವೆ. ಇವರು ಯಾರೂ ಸುಳ್ಳು ಹೇಳಿದವರಲ್ಲ. ಆದರೂ ಮೂಲ ಎಲ್ಲಿ ಎಂದಾಗ ಸುಳ್ಳು ಹೇಳಿದವನ ಪಕ್ಕದಲ್ಲೇ ಬರಿಗೈಯಲ್ಲಿ ನಿಲ್ಲುತ್ತಾರೆ. ಪ್ರಾಮಾಣಿಕರೇ ಮೂಲವನ್ನು ಕಳೆದುಕೊಳ್ಳುತ್ತಾ ಹೋದರೆ, ‘ನನ್ನದೂ ಅಳಿಸಿಹೋಯಿತು’ ಎಂದು ನುಣುಚಿಕೊಳ್ಳುವವನಿಗೆ ಅವರೇ ಮರೆಯಾಗುತ್ತಾರೆ. ಮೂಲವನ್ನು ಕಾಪಾಡುವುದು ಸ್ವಂತ ಮಾನಕ್ಕಾಗಿ ಮಾತ್ರವಲ್ಲ ಎಂದು ನಾನು ಹೇಳುವುದು ಇದಕ್ಕೇ.

ರಾ ಫೈಲ್ ಎಂದರೆ ಕ್ಯಾಮೆರಾದ ಸಂವೇದಕ ಆ ಕ್ಷಣ ಅಳೆದ ಬೆಳಕಿನ ಲೆಕ್ಕ. ನಿಕಾನಿನಲ್ಲಿ ಎನ್ಇಎಫ್, ಸೋನಿಯಲ್ಲಿ ಎಆರ್‌ಡಬ್ಲ್ಯೂ ಎಂದು ಹೆಸರು ಬೇರೆಬೇರೆ. ಲೈಟ್‌ರೂಮಿನಂಥ ತಂತ್ರಾಂಶದಲ್ಲಿ ಬಣ್ಣ ಎಷ್ಟೇ ಬದಲಿಸಿದರೂ ಆ ಲೆಕ್ಕ ಬದಲಾಗುವುದಿಲ್ಲ. ಬದಲಾವಣೆಗಳು ಬೇರೆ ಕಡೆ ದಾಖಲಾಗುತ್ತವೆ. ಎಕ್ಸಿಫ್ ಎಂಬ ವಿವರಪಟ್ಟಿಯಾದರೋ ಯಾರು ಬೇಕಾದರೂ ತಿದ್ದಬಹುದಾದದ್ದು. ಅದರಲ್ಲಿ ಚಿತ್ರಗ್ರಾಹಕನ ಹೆಸರಿಗೆಂದು ಇರುವ ಜಾಗದಲ್ಲಿ ಯಾರ ಹೆಸರನ್ನಾದರೂ ಟೈಪ್ ಮಾಡಬಹುದು. ಬೇಲೂರಿನ ಚೆನ್ನಕೇಶವ ದೇಗುಲದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಶಿಲ್ಪಗಳಲ್ಲಿ ಹೆಸರು ಕೆತ್ತಿದ್ದಾರೆ. ಮೂರ್ತಿ ಯಾವ ಕಲ್ಲೋ ಹೆಸರೂ ಅದೇ ಕಲ್ಲು. 1117ರಲ್ಲಿ ಪ್ರತಿಷ್ಠೆಯಾದ ಗುಡಿಯ ಶಿಲ್ಪಿಗಳನ್ನು ನಾವು ಇಂದಿಗೂ ಹೆಸರು ಹಿಡಿದು ಕರೆಯುತ್ತಿರುವುದು ಆ ಹೆಸರು ಕೆಲಸದಿಂದ ಬೇರೆಯಾಗದೆ ಉಳಿದದ್ದರಿಂದ. ಡಿಜಿಟಲ್ ಚಿತ್ರಕ್ಕೆ ಆ ಭಾಗ್ಯವಿಲ್ಲ. ಅದರ ಹೆಸರು ಸುಲಭವಾಗಿ ಕಳಚುತ್ತದೆ, ಸುಲಭವಾಗಿ ಅಂಟುತ್ತದೆ. ಹಾಗಾಗಿ ಒಂದು ಫೈಲ್ ಸಾಲದು. ಅದರ ಹಿಂದೆ ಮುಂದೆ ತೆಗೆದ ಫ್ರೇಮುಗಳೂ ಬೇಕು. ಕೈ ಅಲುಗಿದ್ದು, ಮೋಡ ಅಡ್ಡ ಬಂದದ್ದು, ಫೋಕಸ್ ತಪ್ಪಿದ್ದು, ಹೀಗೆ ನಾವು ನಾಚಿಕೆಯಿಂದ ಅಳಿಸುವ ಫ್ರೇಮುಗಳೇ ನಾವು ಅಲ್ಲಿ ನಿಂತಿದ್ದಕ್ಕೆ ಸಾಕ್ಷಿ ಹೇಳುತ್ತವೆ.

ಅರಸೀಕೆರೆಯ ಈಶ್ವರ ದೇಗುಲದಲ್ಲಿ ಇದರ ಇನ್ನೊಂದು ಮುಖವಿದೆ. 1220ರ ಆ ಗುಡಿಯ ಮುಂದೆ ಹದಿನಾರು ಮೂಲೆಗಳ ನಕ್ಷತ್ರಾಕಾರದ ತೆರೆದ ಮಂಟಪ. ಒಳಗೆ ಗುಮ್ಮಟದಂಥ ಛಾವಣಿ ಕತ್ತಲಲ್ಲಿದ್ದರೆ ಕಂಬಗಳಾಚೆ ಕಣ್ಣು ಕುಕ್ಕುವ ಬಿಸಿಲು. ಒಂದೇ ಎಕ್ಸ್‌ಪೋಷರಿನಲ್ಲಿ ಎರಡನ್ನೂ ಹಿಡಿಯುವುದು ಕಷ್ಟವಾದ್ದರಿಂದ ಮೂರೋ ಐದೋ ತೆಗೆದು ಕೂಡಿಸುತ್ತಾರೆ. ಅದರಲ್ಲಿ ಮೋಸವಿಲ್ಲ, ನಿಯಮ ಒಪ್ಪುವ ಕಡೆ ಧಾರಾಳವಾಗಿ ಮಾಡಬಹುದು. ಆದರೆ ಐದು ತೆಗೆದಿದ್ದರೆ ಅಂಥ ಚಿತ್ರದ ಮೂಲ ಆ ಐದೂ ಫೈಲುಗಳು. ನಾಲ್ಕನ್ನು ಅಳಿಸಿದವರು ತಮ್ಮ ಕೆಲಸವನ್ನು ತಾವೇ ವಿವರಿಸಲಾರದಂತೆ ಮಾಡಿಕೊಳ್ಳುತ್ತಾರೆ.

ಬೇಲೂರು, ಹಳೇಬೀಡಿನ ಚಿತ್ರಗಳು ಸ್ಪರ್ಧೆಗೆ ಹೋಗುವುದು ಹೊಸತಲ್ಲ. ಮದ್ರಾಸ್ ಸೇನೆಯ ಅಧಿಕಾರಿ ಲಿನೇಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳಿಗೆ ಕ್ಯಾಮೆರಾ ಹೊತ್ತು ಬಂದ. 1855ರ ಮದ್ರಾಸ್ ವಸ್ತುಪ್ರದರ್ಶನದಲ್ಲಿ ಅವನು ಇಟ್ಟ 68 ಚಿತ್ರಗಳಿಗೆ ಮೊದಲ ದರ್ಜೆಯ ಪದಕ ಸಿಕ್ಕಿತು. ಅವನದು ಮೇಣ ಹಚ್ಚಿದ ಕಾಗದದ ನೆಗೆಟಿವ್. ಆ ಕಾಲದ ರಾಸಾಯನಿಕಕ್ಕೆ ನೀಲಿ ಬೆಳಕು ಅತಿಯಾಗಿ ತಾಗುತ್ತಿದ್ದುದರಿಂದ ಆಕಾಶ ಬರೀ ಬಿಳಿಯಾಗಿ ಬರುತ್ತಿತ್ತು. ಅದೇ 1855ರಲ್ಲಿ ಬರ್ಮಾಕ್ಕೆ ಹೋಗಿ ತೆಗೆದ ನೆಗೆಟಿವ್‌ಗಳ ಮೇಲೆ ಅವನು ಬಣ್ಣ ಹಚ್ಚಿ ಮೋಡ ಬರೆದಿದ್ದಾನೆ, ಎಲೆಗಳನ್ನು ತಿದ್ದಿದ್ದಾನೆ. ಅದು ನಮಗೆ ಹೇಗೆ ಗೊತ್ತಾಯಿತೆಂದರೆ, ಆ ನೆಗೆಟಿವ್‌ಗಳು ಉಳಿದಿವೆ. ಯಾವುದು ಬೆಳಕು ಬರೆದದ್ದು, ಯಾವುದು ಕುಂಚ ಬರೆದದ್ದು ಎಂದು ಅವನ್ನು ನೋಡಿ ಹೇಳಬಹುದು. ಅದನ್ನು ತಿಳಿದ ಮೇಲೆ ಟ್ರೈಪ್ ನನಗೆ ಮೋಸಗಾರನಾಗಿ ಕಾಣುವುದಿಲ್ಲ. ತನ್ನ ಸಾಧನದ ಕೊರತೆಯೊಂದಿಗೆ ಗುದ್ದಾಡಿದ ಕಸುಬುದಾರನಾಗಿ ಕಾಣುತ್ತಾನೆ. ನೆಗೆಟಿವ್ ಇಲ್ಲದೆ ಪ್ರಿಂಟ್ ಮಾತ್ರ ಉಳಿದಿದ್ದರೆ ಆ ಮೋಡಗಳನ್ನು ನಂಬಬೇಕೋ ಬೇಡವೋ ಎಂದು ಒದ್ದಾಡುತ್ತಿದ್ದೆವು. ಮೂಲ ಆರೋಪಕ್ಕೆ ಒದಗುವಷ್ಟೇ ನ್ಯಾಯಕ್ಕೂ ಒದಗುತ್ತದೆ.

ಸ್ವೀಡನ್ನಿನ ಪಾಲ್ ಹ್ಯಾನ್ಸೆನ್‌ಗೆ ಆದದ್ದೂ ಇದೇ. ಗಾಜಾದ ಶವಯಾತ್ರೆಯ ಅವರ ಚಿತ್ರ 2013ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಪ್ರಶಸ್ತಿ ಪಡೆದಾಗ ಅದು ಹಲವು ಚಿತ್ರಗಳನ್ನು ಕೂಡಿಸಿದ್ದು ಎಂಬ ಗುಲ್ಲೆದ್ದಿತು. ತಜ್ಞರು ರಾ ಫೈಲನ್ನು ಪಕ್ಕದಲ್ಲಿಟ್ಟು ನೋಡಿ, ಬೆಳಕು ಬಣ್ಣಗಳನ್ನು ಹೊಂದಿಸಿದ್ದು ಬಿಟ್ಟರೆ ಬೇರೇನೂ ಇಲ್ಲವೆಂದರು. ಎರಡು ವರ್ಷದ ಬಳಿಕ ಅದೇ ಸ್ಪರ್ಧೆಯಲ್ಲಿ, ಕೊನೆಯ ಸುತ್ತಿಗೆ ಮೊದಲಿನ ಹಂತದ ತನಕ ಬಂದ ಚಿತ್ರಗಳಲ್ಲಿ ಸುಮಾರು ಶೇ. 20ರಷ್ಟು ಮೂಲದೊಂದಿಗೆ ತಾಳೆ ನೋಡಿದಾಗ ಬಿದ್ದುಹೋದವು.

ಮೂಲವಿದ್ದರೆ ಎಲ್ಲವೂ ಸಾಬೀತಾಯಿತೆಂದು ತಿಳಿಯುವುದೂ ತಪ್ಪು. ಬ್ರೆಜಿಲಿನ ಹುಲ್ಲುಗಾವಲಲ್ಲಿ ರಾತ್ರಿ ಮಿನುಗುವ ಗೆದ್ದಲ ಹುತ್ತ, ಅದರ ಬಳಿ ಇರುವೆಭಕ್ಷಕ: ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಆ ಚಿತ್ರಕ್ಕೆ 2017ರಲ್ಲಿ ಕೊಟ್ಟ ಪ್ರಶಸ್ತಿಯನ್ನು ಮರುವರ್ಷ ಹಿಂಪಡೆಯಿತು. ಆ ಪ್ರಾಣಿ ಸತ್ತ ಪ್ರಾಣಿಯ ತೊಗಲು ತುಂಬಿಸಿ ನಿಲ್ಲಿಸಿದ ಗೊಂಬೆ ಎಂಬುದು ತಜ್ಞರ ತೀರ್ಮಾನ. ಚಿತ್ರಗ್ರಾಹಕ ಅದನ್ನು ಒಪ್ಪಲಿಲ್ಲ. ಅವನು ಹಿಂದೆ ಮುಂದಿನ ರಾ ಫೈಲುಗಳನ್ನು ಕೊಟ್ಟನಾದರೂ ಅವುಗಳಲ್ಲಿ ಯಾವುದರಲ್ಲೂ ಆ ಪ್ರಾಣಿ ಇರಲಿಲ್ಲ. ಕ್ಯಾಮೆರಾ ತನ್ನ ಮುಂದೆ ಇಟ್ಟದ್ದನ್ನು ನಿಷ್ಠೆಯಿಂದ ಬರೆದುಕೊಳ್ಳುತ್ತದೆ. ಏನನ್ನು ಇಟ್ಟೆವು ಎಂಬ ಪ್ರಶ್ನೆ ಶಟರ್ ಒತ್ತುವುದಕ್ಕೂ ಮೊದಲಿನದು. ಅದಕ್ಕೆ ಯಾವ ಫೈಲೂ ನಮ್ಮ ಬದಲು ಉತ್ತರ ಕೊಡಲಾರದು.

ಆದರೂ ಈಚೆಗೆ ಮೂಲದ ಮಾತಿಗೆ ತೂಕ ಹೆಚ್ಚಿದೆ. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್ ಕೃತಕ ಬುದ್ಧಿಮತ್ತೆಯಿಂದ ಮಾಡಿಸಿದ ಚಿತ್ರಕ್ಕೆ ಸೋನಿ ಪ್ರಶಸ್ತಿ ಬಂದಾಗ ತಾನೇ ಬೇಡವೆಂದ. ಅದೇ ವರ್ಷ ಲೈಕಾ ಕಂಪನಿ, ತೆಗೆದ ಗಳಿಗೆಯಲ್ಲೇ ಚಿತ್ರಕ್ಕೆ ಡಿಜಿಟಲ್ ಮುದ್ರೆ ಒತ್ತುವ ಕ್ಯಾಮೆರಾ ತಂದಿತು. ನಮ್ಮಲ್ಲೂ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, ಡಿಜಿಟಲ್ ದಾಖಲೆಯನ್ನು ನ್ಯಾಯಾಲಯಕ್ಕೆ ಕೊಡುವಾಗ ಅದರ ಹ್ಯಾಶ್ ಮೌಲ್ಯವನ್ನೂ ಪ್ರಮಾಣಪತ್ರದಲ್ಲಿ ಕೇಳುತ್ತದೆ. ಫೈಲಿನ ಒಂದೇ ಒಂದು ಬಿಟ್ ಬದಲಾದರೂ ಹ್ಯಾಶ್ ಎಂಬ ಆ ಸಂಖ್ಯೆ ಪೂರ್ತಿ ಬದಲಾಗುತ್ತದೆ. ಸಾಮಾನ್ಯ ಕಂಪ್ಯೂಟರಿನಲ್ಲೇ ಅದನ್ನು ತೆಗೆದಿಡಬಹುದು. ದುಬಾರಿ ಕ್ಯಾಮೆರಾ ಇಲ್ಲದವರು ಮಾಡಬೇಕಾದದ್ದು ಇಷ್ಟೆ: ಕಾರ್ಡಿನಿಂದ ಇಳಿಸಿದ ಫೈಲುಗಳನ್ನು ಮುಟ್ಟದೆ ಎರಡು ಬೇರೆ ಡಿಸ್ಕುಗಳಲ್ಲಿ, ಸಾಧ್ಯವಾದರೆ ಎರಡು ಬೇರೆ ಮನೆಗಳಲ್ಲಿ, ಇಡುವುದು, ತಿದ್ದುವುದೆಲ್ಲ ನಕಲಿನ ಮೇಲೆ.

ಆ ಕೂಡಿಕೊಂಡ ಮುರಿದ ಕೈಯ ವಿಷಯ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರದ ದೇಗುಲಗಳು 2023ರ ಸೆಪ್ಟೆಂಬರಿನಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಮುಂದೊಂದು ದಿನ ಸಂರಕ್ಷಣೆಯವರು ಯಾವ ಮೂರ್ತಿ ಯಾವಾಗ ಸವೆಯಿತು, ಯಾವಾಗ ಬಿರುಕು ಬಿಟ್ಟಿತು ಎಂದು ಹುಡುಕುವಾಗ ಇಂದಿನ ಚಿತ್ರಗಳನ್ನೂ ನೋಡುತ್ತಾರೆ. ಬಹುಮಾನ ಬಂದ ಚಿತ್ರವೇ ಹೆಚ್ಚು ಅಚ್ಚಾಗುವುದು, ಹೆಚ್ಚು ಉಳಿಯುವುದು. ಅದರಲ್ಲಿ ಕೈ ಇದ್ದರೆ, ಆ ಚಿತ್ರ ತೆಗೆದ ನಂತರ ಮುರಿಯಿತೆಂದು ಯಾರಾದರೂ ಬರೆದಿಟ್ಟಾರು. ಸ್ಪರ್ಧೆಯ ಸುಳ್ಳು ಕಲ್ಲಿನ ಚರಿತ್ರೆಯ ಸುಳ್ಳಾಗುವುದು ಹೀಗೆ.

ಸ್ಪರ್ಧೆ ನಡೆಸುವವರ ಪಾಲೂ ಇದರಲ್ಲಿದೆ. ಊರಿನ ಹಬ್ಬಕ್ಕೆ, ಕಾಲೇಜಿಗೆ, ಪ್ರವಾಸೋದ್ಯಮ ದಿನಕ್ಕೆ ನಡೆಯುವ ಸಣ್ಣ ಸ್ಪರ್ಧೆಗಳಲ್ಲೂ ಏನನ್ನು ತಿದ್ದಬಹುದು, ಏನನ್ನು ತಿದ್ದಕೂಡದು ಎಂದು ಅರ್ಜಿಯಲ್ಲೇ ಅಚ್ಚಾಗಿರಲಿ. ಮೊಬೈಲಿನಲ್ಲಿ ತೆಗೆದವರಿಗೆ ರಾ ಫೈಲ್ ಇಲ್ಲವೆಂದು ಬಾಗಿಲು ಹಾಕುವುದು ಬೇಡ. ಫೋನಿನಿಂದ ನೇರವಾಗಿ ಬಂದ ಜೆಪೆಗ್, ಅದರ ಆಚೀಚಿನ ನಾಲ್ಕು ಚಿತ್ರ ಕೇಳಿದರೆ ಸಾಕು. ಕೇಳುವುದನ್ನು ಹೆಸರು ಘೋಷಿಸುವ ಮೊದಲೇ ಕೇಳಲಿ, ಎಲ್ಲ ವಿಜೇತರನ್ನೂ ಕೇಳಲಿ. ಒಬ್ಬರನ್ನೇ ಕರೆದು ಕೇಳಿದರೆ ಅದು ಅವಮಾನ. ಶಾಲು ಹೊದಿಸಿದ ಮೇಲೆ ಕೇಳಿದರೆ, ಉತ್ತರ ಏನೇ ಬಂದರೂ ಗೆದ್ದ ಹುಡುಗ ಮತ್ತೆ ಆ ಊರಿನಲ್ಲಿ ತಲೆಯೆತ್ತಿ ಕ್ಯಾಮೆರಾ ಹಿಡಿಯುವುದು ಕಷ್ಟ.