ತಿನ್ನದವನ ಗಾಳ

ಸಿಂಧನೂರಿನಲ್ಲಿ ಪಿಯುಸಿ ಓದುವಾಗ ನನಗೆ ಗಾಳ ಹಾಕುವುದನ್ನು ಕಲಿಸಿದವನು ಬಂಗಾಲಿ ಕ್ಯಾಂಪಿನ ಗೆಳೆಯ. ಪೂರ್ವ ಪಾಕಿಸ್ತಾನ ಬಿಟ್ಟು ನಿರಾಶ್ರಿತರಾಗಿ ಬಂದು ನಮ್ಮ ಎರೆಹೊಲಗಳ ನಡುವೆ ನೆಲೆಯೂರಿದ ಮನೆತನ ಅವನದು. ನಾನು ಲಿಂಗಸುಗೂರಿನ ಕಡೆಯವನು. ನಮ್ಮ ಮನೆಯಲ್ಲಿ ಮೀನಿನ ಹೆಸರೆತ್ತಿದರೆ ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು.

ಶನಿವಾರ ಕಾಲೇಜು ಬೇಗ ಬಿಡುತ್ತಿತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ ಹೋಗಿ ಕೂರುತ್ತಿದ್ದೆವು. ಬಿದಿರಿನ ಕೋಲು, ನೈಲಾನ್ ದಾರ, ಜೋಳದ ದಂಟಿನ ಬೆಂಡು, ಭತ್ತದ ಗದ್ದೆಯ ಬದುವಿನಲ್ಲಿ ಅಗೆದು ತೆಗೆದ ಎರೆಹುಳು. ಬೆಂಡು ಒಮ್ಮೆ ನಡುಗಿದರೆ ಸುಮ್ಮನಿರಬೇಕು, ಮುಳುಗಿದಾಗ ಮಾತ್ರ ಎಳೆಯಬೇಕು ಎಂದು ಅವನು ಹೇಳಿಕೊಟ್ಟ. ನನಗೆ ಅದು ಹುಚ್ಚಿನಂತೆ ಹಿಡಿಯಿತು. ಅವನು ತನ್ನ ಮೀನನ್ನು ಮನೆಗೆ ಒಯ್ಯುತ್ತಿದ್ದ. ನಾನು ನನ್ನದನ್ನು ನೀರಿಗೆ ಬಿಡುತ್ತಿದ್ದೆ. ಬಿಡುವಾಗ ಅವನಿಗಿಂತ ನಾನು ಒಂದು ಮೆಟ್ಟಿಲು ಮೇಲೆ ನಿಂತಿದ್ದೇನೆ ಅನ್ನಿಸುತ್ತಿತ್ತು, ಸುಳ್ಳು ಹೇಳಿ ಪ್ರಯೋಜನವಿಲ್ಲ.

ಒಂದು ಬೇಸಿಗೆ ಕಾಲುವೆಯ ನೀರು ನಿಲ್ಲಿಸಿದ್ದರು. ಸೇತುವೆಯ ಕೆಳಗಿನ ಗುಂಡಿಯಲ್ಲಿ ಮಾತ್ರ ನೀರು ಉಳಿದಿತ್ತು. ಅಲ್ಲಿ ಮೊಳದುದ್ದದ ರೋಹು ನನ್ನ ಗಾಳವನ್ನು ಗಂಟಲಿನವರೆಗೆ ನುಂಗಿತು. ಎಳೆದೆ, ತಿರುವಿದೆ, ಕೊನೆಗೆ ಕಿತ್ತೆ. ಆಮೇಲೆ ಬಿಟ್ಟೆ. ಮರುದಿನ ಹೋದರೆ ಅದು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಗೆಳೆಯ ಈ ಕತೆಯನ್ನು ಮನೆಯಲ್ಲಿ ಹೇಳಿದನೆಂದು ಕಾಣುತ್ತದೆ. ಮುಂದಿನ ವಾರ ಅವನ ತಾಯಿ, ನಾವೆಲ್ಲ ಮಾಶಿ ಅನ್ನುತ್ತಿದ್ದವರು, ಚಹಾ ಕೊಡುತ್ತ ಕೇಳಿದರು: “ತಿನ್ನಂಗಿಲ್ಲ ಅಂದಮ್ಯಾಲೆ ಅದರ ಬಾಯಿ ಯಾಕ ಹರೀತಿ ಬಾಬಾ?”

ನನ್ನಲ್ಲಿ ಉತ್ತರ ಇರಲಿಲ್ಲ. ಗಾಳವನ್ನು ಅಂದೇ ಬಿಟ್ಟೆ.

ಈಗ ಅದೇ ಪ್ರಶ್ನೆ ಮೊಬೈಲಿನಲ್ಲಿ ತಿರುಗಿ ಬಂದಿದೆ. ಅಮೆರಿಕದ ಸಿಯಾಟಲ್‌ನಲ್ಲಿರುವ ಅಣ್ಣನ ಮಗ, ಅವನೂ ಮೀನು ತಿನ್ನದವನೇ, ಸೊಂಟದವರೆಗಿನ ನೀರಿನಲ್ಲಿ ನಿಂತು ಸ್ಟೀಲ್‌ಹೆಡ್ ಹಿಡಿದ ಫೋಟೋ ಕಳಿಸುತ್ತಾನೆ. ಸಮುದ್ರಕ್ಕೆ ಹೋಗಿ ನದಿಗೆ ಮರಳುವ ಟ್ರೌಟ್ ಅದು. ಅವನದು ಫ್ಲೈ ಫಿಶಿಂಗ್: ಗಾಳಕ್ಕೆ ಗರಿ, ನೂಲು ಸುತ್ತಿ ಹುಳುವಿನಂತೆ ಕಾಣಿಸುವುದು, ದಪ್ಪ ದಾರದ ತೂಕದಿಂದಲೇ ಅದನ್ನು ದೂರಕ್ಕೆ ಬೀಸುವುದು. “ಬಿಟ್ಟುಬಿಟ್ಟೆ ಕಾಕಾ, ಅದಕ್ಕೇನೂ ಆಗಿಲ್ಲ” ಎಂದು ಕೆಳಗೆ ಬರೆದಿರುತ್ತಾನೆ.

ಏನೂ ಆಗದಿರಲು ಅವನು ಪಡುವ ಪಾಡು ನನಗಿಂತ ನೂರು ಪಾಲು ಹೆಚ್ಚು, ಒಪ್ಪುತ್ತೇನೆ. ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡುತ್ತಾನೆ, ಸುಲಭವಾಗಿ ಕಳಚಲಿ ಎಂದು. ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳುತ್ತಾನೆ. ಒಣ ಕೈ ಮೀನಿನ ಮೈಮೇಲಿನ ಲೋಳೆಯನ್ನು ಕೀಳುತ್ತದೆ, ಆ ಲೋಳೆಯೇ ಅದಕ್ಕೆ ರೋಗದಿಂದ ಕಾವಲು. ಬಹಳ ಹೊತ್ತು ಆಡಿಸದೆ ಬೇಗ ದಡಕ್ಕೆ ತರುತ್ತಾನೆ. ನೀರಿನಿಂದ ಮೇಲೆತ್ತುವುದಿಲ್ಲ. ಹರಿವಿಗೆ ಮುಖ ಮಾಡಿ ಹಿಡಿದು, ತಾನಾಗಿ ಬಾಲ ಬಡಿಯುವವರೆಗೂ ಕಾಯುತ್ತಾನೆ. ನನ್ನ ರೋಹುವಿಗೆ ಇದರಲ್ಲಿ ಒಂದೂ ಸಿಕ್ಕಿರಲಿಲ್ಲ.

ಆದರೂ ಮಾಶಿಯ ಪ್ರಶ್ನೆ ಅಲುಗಾಡುವುದಿಲ್ಲ. ಸಮುದ್ರದಿಂದ ಮೊಟ್ಟೆಯಿಡಲು ನದಿಗೆ ಮರಳಿದ ಸಾಲ್ಮನ್ ಹೆಚ್ಚುಕಡಿಮೆ ಉಪವಾಸದಲ್ಲಿರುತ್ತದೆ. ಅದು ಗರಿಯ ಹುಳುವಿಗೆ ಬಾಯಿ ಹಾಕುವುದು ಹಸಿವಿಗಲ್ಲ, ಬಹುಶಃ ಸಿಟ್ಟಿಗೆ ಅಥವಾ ಹಳೆಯ ಅಭ್ಯಾಸಕ್ಕೆ ಎನ್ನುತ್ತಾರೆ. ಅಂದರೆ ಅಲ್ಲಿ ಎರಡೂ ಕಡೆ ಹಸಿವೆಯೇ ಇಲ್ಲ! ಬೆಚ್ಚನೆಯ ಸಮುದ್ರದ ಮೊಳಕಾಲುದ್ದದ ನೀರಿನಲ್ಲಿ ಬೋನ್‌ಫಿಶ್ ಹಿಡಿಯುವವರ ಪಾಡು ಇನ್ನೊಂದು. ದಣಿದ ಮೀನನ್ನು ಬಿಟ್ಟ ಕೂಡಲೇ ಶಾರ್ಕ್ ಬಂದು ಹೊಡೆಯುವುದುಂಟು. ಬಿಟ್ಟವನ ಲೆಕ್ಕದಲ್ಲಿ ಅದು ಬದುಕಿದ ಮೀನು. ನೋವಿನ ಮಾತಿಗೆ ಬಂದರೆ, 2003ರಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್‌ಗಳ ತುಟಿಗೆ ಆಮ್ಲ ಚುಚ್ಚಿ ನೋಡಿದರು. ಅವು ತುಟಿಯನ್ನು ತೊಟ್ಟಿಯ ಜಲ್ಲಿಕಲ್ಲಿಗೆ ಉಜ್ಜಿಕೊಂಡವು, ಬಹಳ ಹೊತ್ತು ಮೇವು ಮುಟ್ಟಲಿಲ್ಲ. ಅದು ನಮ್ಮಂಥದೇ ನೋವೇ ಎಂಬ ವಾದ ಇನ್ನೂ ನಡೆದಿದೆ. ನನಗೆ ಆ ಜಲ್ಲಿಕಲ್ಲೇ ಸಾಕು.

ಇಷ್ಟಕ್ಕೇ ತೀರ್ಪು ಕೊಟ್ಟುಬಿಡಬಹುದಿತ್ತು, ಕಾವೇರಿ ಅಡ್ಡ ಬರದಿದ್ದರೆ. ಭೀಮೇಶ್ವರಿ, ಗಾಲಿಬೋರೆಯ ಶಿಬಿರಗಳಲ್ಲಿ ವರ್ಷಗಟ್ಟಲೆ ಮಹಶೀರ್ ಹಿಡಿದು ಬಿಡುವ ಆಟ ನಡೆಯಿತು. ದೂರದೂರದಿಂದ ಬಂದವರ ಹಣದಿಂದ ಊರವರಿಗೆ ಕೆಲಸ ಸಿಕ್ಕಿತು. ಹಿಂದೆ ಕಳ್ಳತನದಲ್ಲಿ ಮೀನು ಹೊಡೆಯುತ್ತಿದ್ದವರೇ ಕೆಲವರು ಕಾವಲಿಗೆ ನಿಂತರು, ನೀರಿಗೆ ಸಿಡಿಮದ್ದು ಹಾಕುವವರನ್ನು ತಡೆದರು. ಆಮೇಲೆ ಅಭಯಾರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ಕಾನೂನಿನಡಿ ಅದು ನಿಂತಿತು. 2018ರಲ್ಲಿ ಕಾವೇರಿಯ ಆ ಗೂನುಬೆನ್ನಿನ ಮಹಶೀರ್ ಅಳಿವಿನ ಅಂಚಿನ ಕೆಂಪು ಪಟ್ಟಿಗೆ ಸೇರಿತು. ಮೀನಿನ ತುಟಿ ಹರಿದವರೇ ಮೀನಿನ ಕುಲವನ್ನೂ ಕಾಯುತ್ತಿದ್ದರು. ಒಂದು ಮೀನಿನ ನೋವನ್ನೂ ಒಂದು ಕುಲದ ಉಳಿವನ್ನೂ ಒಂದೇ ತಕ್ಕಡಿಯಲ್ಲಿಡಲು ನನಗೆ ಬಾರದು.

ಊರಿಗೆ ಹೋಗುವಾಗ ಬಸ್ಸು ಮಸ್ಕಿಯಲ್ಲಿ ನಿಲ್ಲುತ್ತದೆ. 1915ರಲ್ಲಿ ಚಿನ್ನ ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರನಿಗೆ ಅಶೋಕನ ಹೆಸರಿರುವ ಶಾಸನ ಕಂಡದ್ದು ಇಲ್ಲಿಯ ಬೆಟ್ಟದಲ್ಲೇ. ಅದರಲ್ಲಿ ಮೀನಿನ ಮಾತಿಲ್ಲ. ಆದರೆ ಉತ್ತರದಲ್ಲಿರುವ ಅವನ ಐದನೆಯ ಸ್ತಂಭಶಾಸನದಲ್ಲಿದೆ: ಕೆಲವು ಜಾತಿಯ ಮೀನುಗಳನ್ನು ಕೊಲ್ಲಲೇಬಾರದು, ಇಂತಿಂಥ ಹುಣ್ಣಿಮೆ, ಅದರ ಹಿಂದುಮುಂದಿನ ದಿನ, ಉಪವಾಸದ ದಿನಗಳಲ್ಲಿ ಯಾವ ಮೀನನ್ನೂ ಕೊಲ್ಲಬಾರದು, ಮಾರಬಾರದು. ಅಷ್ಟು ದೊಡ್ಡ ಅರಸ ಬೆಸ್ತರ ಬಲೆಯನ್ನೇ ಸುಡಿ ಎನ್ನಲಿಲ್ಲ. ವರ್ಷದಲ್ಲಿ ಕೆಲವು ದಿನ ಮೀನಿಗೆ ಬಿಡುವು ಕೊಡಿ ಎಂದ. ತಿನ್ನುವವರನ್ನು ಎದುರಿಗಿಟ್ಟುಕೊಂಡು ಮಾಡಿದ ಲೆಕ್ಕ ಅದು. ಆಟಕ್ಕೆ ಹಿಡಿಯುವವರು ಅವನ ಲೆಕ್ಕಕ್ಕೆ ಬಂದಂತೆ ಕಾಣುವುದಿಲ್ಲ.

ಅಣ್ಣನ ಮಗ ಡಿಸೆಂಬರಿನಲ್ಲಿ ಬರುತ್ತಾನಂತೆ. ಕೋಲು ತರಲೇ ಕಾಕಾ, ಕಾಲುವೆಯಲ್ಲಿ ಏನು ಸಿಗುತ್ತದೆ ಎಂದು ಕೇಳಿದ್ದಾನೆ. ಅವನ ನದಿಗಳಲ್ಲಿ ಬೆನ್ನಿನ ಹಿಂಬದಿಯ ಸಣ್ಣ ರೆಕ್ಕೆ ಕತ್ತರಿಸಿದ್ದರೆ ಅದು ಮರಿಕೇಂದ್ರದ ಮೀನು, ಇಟ್ಟುಕೊಳ್ಳಬಹುದು. ರೆಕ್ಕೆ ಇದ್ದರೆ ನದಿಯದೇ ಮೀನು, ಬಿಡಬೇಕು. ಇಲ್ಲಿ ಅಂಥ ಗುರುತೇನೂ ಇಲ್ಲ. ರೋಹು, ಜಿಲೇಬಿ ಸಿಗುತ್ತವೆ, ತಾ ಎಂದು ಬರೆದೆ. ಜೊತೆಗೆ, ಮಾಶಿ ಇನ್ನೂ ಕ್ಯಾಂಪಿನಲ್ಲೇ ಇದ್ದಾರೆ, ಹಿಡಿದದ್ದನ್ನು ಅವರ ಮನೆಗೆ ಒಯ್ಯಬೇಕು, ಕೊಲ್ಲುವುದು ನೀನೇ ಎಂದೂ ಬರೆದೆ.

ಎರಡು ನೀಲಿ ಗೆರೆ ಮೂಡಿ ನಾಲ್ಕು ದಿನವಾಯಿತು.